ಕ್ರಿಸ್‌ಮಸ್ ಅಜ್ಜನ ಅಂಗಿ ಹೊಲಿದವರು

ನನ್ನ ಎದೆಯ ಸುತ್ತಳತೆ ಮೂವತ್ತೆರಡು ಇಂಚು ಎಂಬ ಸಂಗತಿಯನ್ನು ಸವಣೂರಿನ ಬಜಾರಿಗೆಲ್ಲ ಕೇಳುವಂತೆ ಸಾರಿದವರು ಟೇಲರ್ ಚಾಚಾ. ಅದು ನಮ್ಮ ಮೊದಲ ಭೇಟಿ. ಟೇಪು ನನ್ನನ್ನು ಒಂದು ಸುತ್ತು ಬಳಸಿ ಇನ್ನೂ ಬಹಳಷ್ಟು ಜೋತಾಡುತ್ತಿದ್ದುದನ್ನು ನೋಡಿ ಅವರು ಕನ್ನಡಕ ಹಣೆಗೇರಿಸಿದರು.

"ಸರ, ಉಸುರು ತಗೋರಿ."

"ತಗೊಂಡೇನ್ರಿ."

"ತಗೊಂಡ ಮ್ಯಾಲ ಇಷ್ಟನ?" ಎಂದು ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜಗ ಇಷ್ಟ ಸಣ್ಣ ಎದಿ ಇರೂದಿಲ್ಲ. ನಲವತ್ತೆಂಟು ಅಂತ ಬರಕೋತೇನಿ. ಉಳದ ಹದಿನಾರು ಇಂಚಿಗೆ ಮನ್ಯಾಗಿಂದ ತಲಿದಿಂಬ ತರ್ರಿ" ಎಂದರು. ಎದುರಿನ ವೀಳ್ಯದೆಲೆ ಅಂಗಡಿಯವನು ಕತ್ತರಿ ಕೆಳಗಿಟ್ಟು ನಕ್ಕ. ಆತನ ಮಗಳಿಗೆ ನಾನು ಕನ್ನಡ ಕಲಿಸುತ್ತಿದ್ದೆ.

ಹೊಲಿಸಬೇಕಾಗಿದ್ದದ್ದು ಕ್ರಿಸ್‌ಮಸ್ ಅಜ್ಜನ ಅಂಗಿ. ನಾನು ಆಗಲೂ ಈಗಲೂ ಸವಣೂರಿನ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಮಾಸ್ತರ. ಶಾಲೆ ಕಟ್ಟಿಸಿದ ಅಧ್ಯಕ್ಷರು ಬೀಜ ಗೊಬ್ಬರದ ವ್ಯಾಪಾರಿ, ಹಣೆಯ ತುಂಬ ವಿಭೂತಿ. ಹೆಸರಿನ ಮುಂದೆ 'ಸೇಂಟ್' ಅಂತ ಇದ್ದರೆ ಪಾಲಕರು ಮುಗಿಬೀಳುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ ಒಬ್ಬ ಸಂತರ ಹೆಸರಿಟ್ಟರು. ಆ ಸಂತರು ಯಾರು, ಎಲ್ಲಿಯವರು ಎಂಬುದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಇಡೀ ಶಾಲೆಯಲ್ಲಿ ಒಂದು ಕ್ರೈಸ್ತ ಮಗುವಾಗಲಿ ಒಬ್ಬ ಕ್ರೈಸ್ತ ಶಿಕ್ಷಕರಾಗಲಿ ಇರಲಿಲ್ಲ. ಆದರೆ ಹೆಸರು ಇಟ್ಟಾಗಿದೆ, ಕ್ರಿಸ್‌ಮಸ್ ಮಾಡದಿದ್ದರೆ ಪಾಲಕರು ಏನೆಂದಾರು? ಶಿಕ್ಷಕರ ಸಭೆಯಲ್ಲಿ, "ಅಜ್ಜ ಯಾರ ಆಕ್ಕೀರಿ?" ಎಂದು ಅಧ್ಯಕ್ಷರು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿ ನೆಲ ನೋಡಿದರು. ಫ್ಯಾನು ಯಾಕೆ ಸದ್ದು ಮಾಡುತ್ತಿದೆ ಎಂದು ಮೇಲೆ ನೋಡುತ್ತಿದ್ದವನು ನಾನೊಬ್ಬನೇ. ತಲೆ ಎತ್ತಿದ್ದವನೇ ಅಜ್ಜನಾದ.

ಚಾಚಾಗೆ ತೋರಿಸಲು ನನ್ನ ಬಳಿ ಇದ್ದದ್ದು ಒಂದು ಹಳೆಯ ಗ್ರೀಟಿಂಗ್ ಕಾರ್ಡು. ಅದರಲ್ಲಿ ಅಜ್ಜ ನಗುತ್ತ ನಿಂತಿದ್ದ. ಚಾಚಾ ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತುಟಿಯ ನಡುವೆ ನಾಲ್ಕು ಗುಂಡುಸೂಜಿ. ಅವರ ಬಾಯಲ್ಲಿ ಸೂಜಿ ಇಲ್ಲದ್ದನ್ನು ನಾನು ನೋಡಿದ್ದು ಕಡಿಮೆ.

"ಈ ಮನಷ್ಯಾ ನಮ್ಮೂರಿಗೆ ಬಂದು ಹೋಗ್ಯಾನ್ರಿ" ಎಂದರು.

"ಯಾರು?"

"ಇವನ, ಈ ಅಜ್ಜ. ನವಾಬರ ಕಾಲದಾಗ. ನಿಮಗ ಗೊತ್ತಿಲ್ಲೇನು? ಹಂಸಭಾವಿ ಸಾಲಿಯಾಗ ಇದನ್ನ ಕಲಸೂದಿಲ್ಲ?"

ನನ್ನ ಊರು ಹಿರೇಕೆರೂರು ಕಡೆಯ ಹಂಸಭಾವಿ; ಅಳತೆ ಶುರುಮಾಡುವ ಮೊದಲೇ ಅವರು ಅದನ್ನು ಕೇಳಿ ತಿಳಿದಿದ್ದರು. ಅಲ್ಲಿ ಅದನ್ನು ಕಲಿಸಿರಲಿಲ್ಲ ಎಂದು ನಾನು ನಾಚಿಕೆಯಿಂದ ಒಪ್ಪಿಕೊಂಡೆ. ಚಾಚಾ ನನ್ನ ತೋಳಿನ ಅಳತೆ ತೆಗೆಯುತ್ತಲೇ ಹೇಳಿದರು.

"ಆವಾಗ ಅವನ ಅಂಗಿ ಬೆಳ್ಳಗಿತ್ತು. ಹಿಮದಾಗ ಇರಾಂವ, ಹಿಮದ ಬಣ್ಣ. ನವಾಬರು ದರಬಾರದಾಗ ಕುಂದ್ರಿಸಿ ಎಲಿ ಕೊಟ್ರು. ಸವಣೂರ ಎಲಿ, ಬಾಯಾಗ ಇಟ್ರ ಬೆಣ್ಣಿ ಕರಗಿದಂಗ. ಅಜ್ಜ ಒಂದು ಹಾಕ್ಕೊಂಡ, ಎರಡು ಹಾಕ್ಕೊಂಡ, ಹನ್ನೆರಡು ಹಾಕ್ಕೊಂಡ. ಬಾಯಿ ತುಂಬಿತು. ಈಗ ಉಗಳ್ಬೇಕು. ಎಲ್ಲಿ ಉಗಳ್ಬೇಕು? ಕೆಳಗ ಜಮಖಾನಿ, ಮುಂದ ನವಾಬರು. ಪೀಕದಾನಿ ಅನ್ನೂದೊಂದು ಇರತೈತಿ ಅಂತ ಆ ದೇಶದವರಿಗೆ ಗೊತ್ತಿಲ್ಲ. ನುಂಗಾಕ ಬರೂದಿಲ್ಲ. ಮರ್ಯಾದಸ್ಥ ಮನಷ್ಯಾ, ಏನ ಮಾಡಬೇಕು ಹೇಳ್ರಿ? ಗಡ್ಡದ ಹಿಂದ ಸಣ್ಣಗ ಸಣ್ಣಗ ತನ್ನ ಅಂಗಿ ಮ್ಯಾಲ ಬಿಟಗೊಂಡ. ದರಬಾರ ಮುಗಿಯೂದ್ರಾಗ ಪೂರಾ ಕೆಂಪ."

"ಮತ್ತ ಅಂಚು ಬೆಳ್ಳಗ ಐತಲ್ರಿ ಚಾಚಾ?"

"ತೋಳಿನ ಅಂಚು ಒಳಗ ಮಡಚಿದ್ದ. ಕೆಳಗಿನ ಅಂಚಿನ ಮ್ಯಾಲ ಕುಂತಿದ್ದ. ಕುಂತ ಜಾಗಾಕ್ಕ ಬಣ್ಣ ಹೆಂಗ ಬೀಳತೈತ್ರಿ?"

"ಗಡ್ಡ?"

"ಗಡ್ಡದ ಹಿಂದ ಅಂತ ಹೇಳಿದ್ನಲ್ಲ. ನೀವು ಪಾಠಾ ಮಾಡೂವಾಗ ಹುಡುಗರು ಹಿಂಗ ಅಡ್ಡ ಮಾತಾಡ್ತಾರೇನು?"

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನಾನು ಹೊರಬಂದು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಜೇಬಿನ ಡೈರಿಯಲ್ಲಿ ಅದಷ್ಟನ್ನೂ ಬರೆದುಕೊಂಡೆ. ಮೇಲೆ 'ಜಾನಪದ' ಎಂದು ಬರೆದು ಎರಡು ಗೆರೆ ಎಳೆದೆ. ನನಗೆ ಆಗ ಲೇಖಕನಾಗುವ ಖಯಾಲಿ ಇತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೂರು ಕವಿತೆ ಬಂದಿದ್ದವು, ಮೂರೂ ಮಳೆಯ ಮೇಲೆ. ಆಮೇಲೆ ಯಾರೂ ಏನನ್ನೂ ಕೇಳಿರಲಿಲ್ಲ.

ಆ ವರ್ಷ ಅಂಗಿ ಬಂತು, ದಿಂಬು ಬಂತು, ಹತ್ತಿಯ ಗಡ್ಡ ಬಂತು. ನಾನು ಶಾಲೆಯ ಗೇಟಿನಿಂದ ಒಳಗೆ ಬಂದು "ಹೋ, ಹೋ" ಎಂದೆ. ಊರಲ್ಲಿ ಎತ್ತು ನಿಲ್ಲಿಸುವಾಗ ಹಾಗೆನ್ನುತ್ತೇವಾದ್ದರಿಂದ ಅದೇ ರಾಗ ಬಂತು. ಓಡಿಬರುತ್ತಿದ್ದ ಮಕ್ಕಳು ತಟ್ಟನೆ ನಿಂತವು. ಪೆಪ್ಪರಮಿಂಟು ಹಂಚಲು ಬಗ್ಗಿದಾಗ ದಿಂಬು ಜಾರಿ ಮೊಣಕಾಲಿಗೆ ಬಂತು. ಒಂದನೇ ತರಗತಿಯ ಹುಡುಗಿಯೊಬ್ಬಳು ಬಹಳ ಕಾಳಜಿಯಿಂದ, "ಅಜ್ಜಾ, ನಿನ್ನ ಹೊಟ್ಟಿ ಬಿದ್ದೇತಿ" ಎಂದಳು. ಅಧ್ಯಕ್ಷರು ಮೆಚ್ಚಿಕೊಂಡರು. ಮುಂದಿನ ವರ್ಷವೂ ನೀವೇ ಎಂದರು. ಹೀಗೆ ಹದಿನೈದು ವರ್ಷವಾಯಿತು.

ಪ್ರತಿ ಡಿಸೆಂಬರಿನಲ್ಲಿ ಆ ಅಂಗಿಯನ್ನು ಎಲ್ಲಾದರೂ ಹೊಲಿಯುವುದು, ಬಿಚ್ಚುವುದು ಇದ್ದೇ ಇರುತ್ತಿತ್ತು. ಒಂದು ವರ್ಷ ಇಲಿ ಕಡಿದಿತ್ತು, ಒಂದು ವರ್ಷ ನಾನೇ ಸೈಕಲ್ಲಿಗೆ ಸಿಕ್ಕಿಸಿಕೊಂಡು ಹರಿದಿದ್ದೆ. ಚಾಚಾನ ಅಂಗಡಿಗೆ ನನ್ನ ಹಿಂದೆ ಶಾಲೆಯ ಮಕ್ಕಳೂ ಬರಲು ಶುರುಮಾಡಿದರು, ನೃತ್ಯದ ಬಟ್ಟೆಗೆ ಅಳತೆ ಕೊಡುವ ನೆಪದಲ್ಲಿ. ಒಂದೊಂದು ಮಗುವಿನ ಅಳತೆಗೆ ಒಂದೊಂದು ಕಥೆ. ದೇವದೂತರ ರೆಕ್ಕೆ ಕಟ್ಟಿಸಿಕೊಳ್ಳಲು ಬಂದವರಿಗೆ ಉದ್ದನೆಯ ಕಥೆ.

ಅಜ್ಜನ ಬಂಡಿ ಎಳೆಯುವ ಜಿಂಕೆಗಳ ಕಥೆ ಹೀಗಿತ್ತು: ಅವು ಹಿಮದ ದೇಶದಿಂದ ಸಮುದ್ರ ದಾಟಿ, ಘಟ್ಟ ಹತ್ತಿ ತಡಸಕ್ಕೆ ಬಂದಾಗ ಅಲ್ಲಿ ಹೊಲದಲ್ಲಿ ಹಸಿ ಜೋಳ ಕಂಡವು. ತಿಂದವು. ಹೊಟ್ಟೆ ಉಬ್ಬಿ ಮಲಗಿದವು. ಅಜ್ಜ ಗಂಟು ಹೊತ್ತು ಹುಲಗೂರಿನ ತನಕ ನಡೆದ. ದರ್ಗಾದ ನೆರಳಲ್ಲಿ ಕೂತು ಅತ್ತ. ಯಾರೋ ಪುಣ್ಯಾತ್ಮರು ಬಂಕಾಪುರದ ಕೋಟೆಯಲ್ಲಿ ನವಿಲು ಸಿಗುತ್ತವೆ ಎಂದರು. ಅಂದಿನಿಂದ ಈ ಕಡೆಗೆಲ್ಲ ಅಜ್ಜ ಬರುವುದು ನವಿಲಿನ ಬಂಡಿಯಲ್ಲಿ.

"ನವಿಲು ಬಾಳ ದೂರ ಹಾರೂದಿಲ್ಲ. ಗಿಡಕ್ಕೊಮ್ಮೆ ಇಳೀತೈತಿ. ಅದಕ್ಕ ನಿಮಗ ಸಾಮಾನು ತಡಾ ಆಗಿ ಬರತಾವ. ಬಾಳ ವಜ್ಜಿ ಇಟ್ರ ಏಳೂದಿಲ್ಲ. ಅದಕ್ಕ ನಿಮಗ ಬರೂದು ಬರೇ ಪೆಪ್ಪರಮಿಂಟ" ಎಂದು ಚಾಚಾ ಮುಗಿಸಿದಾಗ ಮಕ್ಕಳು ತಲೆದೂಗಿದರು. ಅಷ್ಟು ವರ್ಷ ಅವರನ್ನು ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಾನೂ ತಲೆದೂಗಿದೆ ಎಂದು ನೆನಪು.

ಸವಣೂರಿನಲ್ಲಿ ಮೂರು ದೊಡ್ಡ ಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ಜಾತಿ ಬೇರೆ. ಹತ್ತಾರು ಜನ ಕೈಹಿಡಿದು ನಿಂತರೂ ಬುಡ ತಬ್ಬಲಾಗದು, ಮೇಲೆ ನೋಡಿದರೆ ಬೇರನ್ನೇ ಆಕಾಶಕ್ಕೆ ಮಾಡಿ ನೆಟ್ಟಂತೆ ಟೊಂಗೆಗಳು. ಅವು ಎಲ್ಲೋ ದೂರದ ಆಫ್ರಿಕದಿಂದ ಬಂದವು ಎನ್ನುತ್ತಾರೆ. ಚಾಚಾನ ಪ್ರಕಾರ ಅವು ಅಜ್ಜ ತಂದ ಕ್ರಿಸ್‌ಮಸ್ ಗಿಡಗಳು. ತರುವಾಗ ಕೋಲಿನಷ್ಟು ತೆಳ್ಳಗಿದ್ದವು, ನಮ್ಮ ಕರಿಮಣ್ಣಿಗೆ ಹೀಗೆ ಉಬ್ಬಿಕೊಂಡವು. "ನಮ್ಮ ಅಳಿಯಂದ್ರು ನೋಡ್ರಿ, ಮದುವಿಗೆ ಬಂದಾಗ ಹೆಂಗಿದ್ರು, ಸವಣೂರಾಗ ನಾಕ ವರ್ಷ ಉಂಡ ಮ್ಯಾಲ ಹೆಂಗಾದ್ರು" ಎಂದು ಅದಕ್ಕೆ ಪುರಾವೆ ಬೇರೆ ಕೊಡುತ್ತಿದ್ದರು.

ಅವರ ವಿಜ್ಞಾನ ಇನ್ನೂ ಗಟ್ಟಿ. ಒಬ್ಬ ಹುಡುಗ, ಇಷ್ಟು ದಪ್ಪನೆಯ ಅಜ್ಜ ಮೇಲೆ ಹೇಗೆ ಹಾರುತ್ತಾನೆ ಎಂದು ಕೇಳಿದ. ಚಾಚಾ ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಡದ ಮೇಲೆ ಬಹಳ ತೆಳ್ಳನೆಯ ಪ್ಲಾಸ್ಟಿಕ್ ಚೀಲವೊಂದನ್ನು ಬಾಯಿ ಕೆಳಗೆ ಮಾಡಿ ಹಿಡಿದರು. ಚೀಲ ಉಬ್ಬಿತು. ಕೈ ಬಿಟ್ಟರು. ಅದು ಮೆಲ್ಲಗೆ ಎದ್ದು ತಗಡಿನ ಚಾವಣಿಗೆ ತಾಗಿ ನಿಂತಿತು.

"ಕಂಡ್ರ್ಯಾ? ಬಿಸಿ ಗಾಳಿ. ಅಜ್ಜ ನಗತಾನಲ್ಲ, ನಕ್ಕಾಗ ಹೊಟ್ಟಿ ಬಿಸಿ ಆಕ್ಕೈತಿ. ಒಂದು ಹೋ ಅಂದ್ರ ಹಿಮ್ಮಡ ಏಳತಾವ. ಎರಡನೇ ಹೋಕ್ಕ ಬಂಡಿ ಏಳತೈತಿ. ಮೂರನೇದಕ್ಕ ತೆಂಗಿನಗಿಡ ದಾಟತಾನ. ಅದಕ್ಕ ಅಂವ ಮೂರ ಸಲ ಅಂತಾನ. ನಾಕನೇದು ಅಂದ್ರ ಇಳ್ಯಾಕ ಬರೂದಿಲ್ಲ."

ಅದರ ಮುಂದಿನ ಪರೀಕ್ಷೆಯಲ್ಲಿ 'ಬಿಸಿ ಗಾಳಿ ಮೇಲೇರುತ್ತದೆ, ಉದಾಹರಣೆಗೆ ಕ್ರಿಸ್‌ಮಸ್ ಅಜ್ಜ' ಎಂದು ಏಳು ಮಕ್ಕಳು ಬರೆದರು. ವಿಜ್ಞಾನದ ಟೀಚರು ಉತ್ತರಪತ್ರಿಕೆಗಳನ್ನು ನನ್ನ ಮುಂದೆ ಬಡಿದು, ಮೊದಲ ಅರ್ಧ ಸರಿಯಿದ್ದ ಕಾರಣ ಅಂಕ ಕೊಡಲೇಬೇಕಾಯಿತು ಎಂದು ಸಿಟ್ಟು ಮಾಡಿದರು.

ಇಷ್ಟೆಲ್ಲ ಕಟ್ಟುವವರು ಒಂದು ಕಡೆ ಮಾತ್ರ ನಿಂತುಬಿಡುತ್ತಿದ್ದರು. ಒಂದು ವರ್ಷ ಶಾಲೆಯಲ್ಲಿ ಯೇಸು ಹುಟ್ಟಿದ ನಾಟಕ ಆಡಿಸಬೇಕಾಗಿತ್ತು. ಅದಕ್ಕೂ ಏನಾದರೂ ನಮ್ಮ ಕಡೆಯ ಕಥೆ ಹೇಳಿರೆಂದು ನಾನು ಗಂಟುಬಿದ್ದೆ. ಚಾಚಾ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು.

"ಅದು ಬ್ಯಾಡ್ರಿ ಸರ. ಈಸಾ ಪೈಗಂಬರರು ನಮಗೂ ದೊಡ್ಡವರು. ಅವರ ಸುದ್ದಿ ಇದ್ದದ್ದು ಇದ್ದಂಗ ಹೇಳಬೇಕು, ನನಗ ಪೂರಾ ಗೊತ್ತಿಲ್ಲ. ಈ ಅಜ್ಜ ಯಾರ ಪೈಕಿ ಅಂತ ಯಾರಿಗೂ ಗೊತ್ತಿಲ್ಲ. ಅವನ ಮ್ಯಾಲ ಏನರ ಹೊಲೀಬಹುದು."

ಅಂದರೆ ಎಲ್ಲ ಹೊಲಿದದ್ದೇ. ಪ್ರಾಯದ ಮನುಷ್ಯ, ಬಿ.ಎಡ್. ಪಾಸಾದವನು, ನಾನು ಅಲ್ಲಿಯವರೆಗೆ ಅರ್ಧದಷ್ಟಾದರೂ ನಂಬಿದ್ದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಆರು ವರ್ಷದ ಹಿಂದೆ ತಾಲೂಕಿನ ಒಂದು ಉತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಕೇಳಿದರು. ಊರಿನ ಬಗ್ಗೆ ಯಾರೂ ಬರೆಯದ ವಿಷಯ ಬೇಕಂತೆ. ನಾನು ಡೈರಿ ತೆಗೆದೆ. 'ಸವಣೂರು ಎಲೆ ಮತ್ತು ಪಾಶ್ಚಾತ್ಯ ವೇಷಭೂಷಣ: ಒಂದು ಟಿಪ್ಪಣಿ' ಎಂದು ತಲೆಬರಹ ಕೊಟ್ಟೆ. ನವಾಬರ ದರಬಾರು, ಹನ್ನೆರಡು ಎಲೆ, ಬಿಳಿ ಅಂಚು, ಎಲ್ಲ ಬರೆದೆ. 'ಕ್ಷೇತ್ರಕಾರ್ಯದ ವೇಳೆ ಸ್ಥಳೀಯ ಹಿರಿಯರಿಂದ ಸಂಗ್ರಹಿಸಿದ್ದು' ಎಂದೂ ಬರೆದೆ. ಕ್ಷೇತ್ರವೆಂದರೆ ಶಾಲೆಯಿಂದ ನೂರು ಹೆಜ್ಜೆ. ಹಿರಿಯರೆಂದರೆ ಒಬ್ಬರು, ಹೊಲಿಗೆ ಯಂತ್ರದ ಹಿಂದೆ ಕೂತವರು. ಅವರೇ ಕಟ್ಟಿದ್ದು ಎಂದು ಬರೆದರೆ ಲೇಖನ ಎರಡು ಸಾಲಿಗೆ ಮುಗಿಯುತ್ತಿತ್ತು, ಅದರಲ್ಲಿ ನಾನು ಇರುತ್ತಿರಲಿಲ್ಲ.

ಸಂಚಿಕೆಯ ಒಂದು ಪ್ರತಿ ಚಾಚಾಗೂ ಕೊಟ್ಟೆ. ಅವರು ಬೆರಳಿಟ್ಟು ನಿಧಾನ ಓದಿದರು. 'ಸ್ಥಳೀಯ ಹಿರಿಯರು' ಎಂಬಲ್ಲಿ ಬೆರಳು ನಿಂತಿತು. "ಇವರ್ಯಾರ್ರಿ?" ಎಂದರು. "ನೀವ" ಎಂದೆ. "ಹೌದೇನು? ಚಲೋ ಆತು" ಎಂದು ಅದನ್ನು ಮಡಚದೆ ಗುಂಡಿಗಳ ಖಾನೆಯಲ್ಲಿ ಇಟ್ಟುಕೊಂಡರು. ಮುಖದಲ್ಲಿ ಗೆರೆ ಅಲುಗಲಿಲ್ಲ.

ಆ ಲೇಖನ ಓದಿ ಹಾನಗಲ್ಲಿನಲ್ಲಿ ಸ್ಥಳೀಯ ಇತಿಹಾಸದ ಮೇಲೆ ಗೋಷ್ಠಿ ನಡೆಸುವವರು ನನ್ನನ್ನು ಉಪನ್ಯಾಸಕ್ಕೆ ಕರೆದರು. ಆಮಂತ್ರಣದಲ್ಲಿ ನನ್ನ ಹೆಸರಿನ ಕೆಳಗೆ 'ಸಂಶೋಧಕರು' ಎಂದಿತ್ತು. ಹೆಂಡತಿಗೆ ತೋರಿಸಿದೆ. "ಊಟಾ ಹಾಕ್ತಾರಂತ?" ಎಂದಳು. ಚಾಚಾಗೆ ತೋರಿಸಿದೆ. ಅವರು ಏನೂ ಕೇಳಲಿಲ್ಲ. ನಾನೂ ಬನ್ನಿ ಎನ್ನಲಿಲ್ಲ.

ಅವರೇ ಬಂದರು. ವೇದಿಕೆಯ ಮೇಲಿಂದ ನೋಡುತ್ತೇನೆ, ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ, ತೊಡೆಯ ಮೇಲೆ ಒಂದು ಕಾಗದದ ಪೊಟ್ಟಣ. ಬಾಯಲ್ಲಿ ಸೂಜಿ ಇಲ್ಲದ್ದರಿಂದ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ನಾನು ನವಾಬರ ದರಬಾರನ್ನು ವರ್ಣಿಸುವಾಗ ಅವರು, ಮೊದಲ ಸಲ ಕೇಳುವವರಂತೆ, ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಉಪನ್ಯಾಸ ಮುಗಿಯಿತು. ಚಪ್ಪಾಳೆಯೂ ಆಯಿತು. ಪ್ರಶ್ನೆ ಇದ್ದರೆ ಕೇಳಿ ಎಂದು ಅಧ್ಯಕ್ಷತೆ ವಹಿಸಿದ್ದ ಹಿರಿಯರು ಹೇಳಿದಾಗ ಹಿರೇಕೆರೂರು ಕಡೆಯ ಕಾಲೇಜೊಂದರಲ್ಲಿ ಜಾನಪದ ಕಲಿಸುವ ಒಬ್ಬ ತರುಣಿ ಎದ್ದು ನಿಂತರು. ಕೈಯಲ್ಲಿ ನೋಟ್‌ಬುಕ್ಕು.

"ಸರ, ಈ ಕಥಿ ಬೇರೆ ಎಲ್ಲೂ ನನಗ ಸಿಕ್ಕಿಲ್ಲ. ನಿಮಗ ಹೇಳಿದವರು ಯಾರ್ರಿ? ಹೆಸರು, ಊರು, ವಯಸ್ಸು ಹೇಳಿದ್ರ ನಾನೂ ಹೋಗಿ ಭೇಟಿ ಆಗತೇನಿ."

ಎಷ್ಟು ಸರಳ ಪ್ರಶ್ನೆ. ಮೂರನೇ ಸಾಲಿನ ಕಡೆ ಕೈ ತೋರಿಸಿದರೆ ಸಾಕಿತ್ತು. ಆದರೆ ತೋರಿಸಿದರೆ ಆಕೆ ಅವರನ್ನು ಕೇಳುತ್ತಾಳೆ, ಅವರು 'ನಾನ ಕಟ್ಟಿದ್ನಿ' ಎನ್ನುತ್ತಾರೆ, ನಾನು ಸಂಶೋಧಕನಾಗಿ ಒಂದು ಗಂಟೆಯೂ ಆಗಿರಲಿಲ್ಲ. ಬಾಯಿ ತಾನಾಗಿಯೇ ಹೇಳಿತು:

"ಅವರು ತೀರಿಕೊಂಡಿದ್ದಾರೆ."

ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಮೃದು ಸ್ವಭಾವದವರು. ಅವರು ಎದ್ದು, ಇಂಥ ಅಪರೂಪದ ಕಥನವನ್ನು ಉಳಿಸಿಕೊಟ್ಟುಹೋದ ಆ ಅಜ್ಞಾತ ಹಿರಿಯ ಜೀವಕ್ಕೆ ಒಂದು ನಿಮಿಷದ ಮೌನಾಚರಣೆ ಸಲ್ಲಿಸೋಣ ಎಂದರು. ಎಲ್ಲರೂ ಎದ್ದರು. ಚಾಚಾನೂ ಎದ್ದರು. ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈ ಮುಂದೆ ಕಟ್ಟಿ, ತಲೆ ಬಗ್ಗಿಸಿ, ತಮ್ಮ ಸಾವಿಗೆ ತಾವೇ ಒಂದು ನಿಮಿಷ ನಿಂತರು. ನನ್ನ ಜೀವನದಲ್ಲಿ ಅಷ್ಟು ಉದ್ದನೆಯ ನಿಮಿಷ ಬಂದಿಲ್ಲ.

ಮರಳುವಾಗ ನಾವಿಬ್ಬರೂ ಬಂಕಾಪುರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯವರೆಗೆ ನಾನು ಕಿಟಕಿಯ ಹೊರಗೆ ನೋಡಿಕೊಂಡೇ ಇದ್ದೆ. ಸವಣೂರಿನ ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಮೇಲೆ ಅವರು ಕೇಳಿದರು:

"ಸರ, ನಾ ಯಾವಾಗ ಸತ್ನಿ?"

ನಾನು ಕೈಯಲ್ಲಿದ್ದ ಟಿಕೆಟ್ಟನ್ನು ಸುರುಳಿ ಸುತ್ತತೊಡಗಿದೆ.

"ಅಲ್ಲ, ಮನ್ಯಾಗ ಕೇಳಿದ್ರ ಹೇಳಾಕ ಬೇಕಲ್ರಿ. ಬ್ಯಾನಿ ಏನಾಗಿತ್ತು?"

"ತಪ್ಪಾತ್ರಿ ಚಾಚಾ" ಎಂದೆ. ಅವರು ಪೊಟ್ಟಣ ಬಿಚ್ಚಿದರು. ಒಳಗೆ ಸವಣೂರಿನ ಖಾರಾ ತಿಂಡಿ. "ತಿನ್ರಿ. ಸತ್ತವರ ಮನೀದು ಅಂತ ಬ್ಯಾಡ ಅನಬ್ಯಾಡ್ರಿ" ಎಂದು ನನ್ನ ಬೊಗಸೆಗೆ ಸುರಿದರು. ತಿಂದೆ. ಕಣ್ಣಲ್ಲಿ ನೀರು ಬಂತು, ಖಾರದಿಂದ ಎಂದು ಹೇಳಿದೆ. ಆಗ ಅವರು ನಕ್ಕರು. ಒಂಬತ್ತು ವರ್ಷದಲ್ಲಿ ನಾನು ಅವರ ಹಲ್ಲು ನೋಡಿದ್ದು ಅದೇ ಮೊದಲು.

ನಾಳೆಯೇ ಹಾನಗಲ್ಲಿಗೆ ಪತ್ರ ಬರೆದು, ಅವರು ಬದುಕಿದ್ದಾರೆ, ಕಥೆ ಅವರದೇ ಎಂದು ತಿಳಿಸುತ್ತೇನೆ ಎಂದೆ. "ಬ್ಯಾಡ್ರಿ. ಈಗ ನಾ ಎದ್ದು ಬಂದ್ನಿ ಅಂದ್ರ ಆ ಕಥಿ ಯಾರೂ ಕೇಳೂದಿಲ್ಲ. ಅದು ಇರ್ಲಿ ಬಿಡ್ರಿ, ಚಂದ ಐತಿ" ಎಂದರು. ನಾನು ಎರಡನೇ ಸಲ ಹೇಳಲಿಲ್ಲ. ನನಗೂ ಬೇಕಾಗಿದ್ದದ್ದು ಅದೇ ಉತ್ತರ.

ಅಲ್ಲಿಂದ ಮುಂದೆ ನನ್ನನ್ನು ಅವರು ಸುಮ್ಮನೆ ಬಿಡಲಿಲ್ಲ. ಅಂಗಿ ತಡವಾಯಿತು ಎಂದರೆ, "ಸತ್ತಾಂವ ಹೊಲದದ್ದು ಅಂದ ಮ್ಯಾಲ ನಾಕ ದಿನಾ ಹೆಚ್ಚು ಕಡಿಮಿ" ಎನ್ನುತ್ತಿದ್ದರು. ಚಹಾ ತರಿಸಿದರೆ, "ನನಗ ಅರ್ಧಾ ಸಾಕ್ರಿ, ಸತ್ತೇನಿ" ಎನ್ನುತ್ತಿದ್ದರು. ಅಕ್ಕಪಕ್ಕದವರಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಅದೊಂದು ಸಲಿಗೆಯಾಗಿಬಿಟ್ಟಿತು. ನನ್ನ ತಪ್ಪನ್ನು ಅವರು ತಮಾಷೆ ಮಾಡಿ ಮಾಡಿ ಸವೆಸಿದರು. ಕೊನೆಗೆ ನನಗೂ ಅದು ತಪ್ಪು ಎಂಬುದು ಮರೆತೇಹೋಯಿತು.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಯಂತ್ರದ ಮೇಲೆ ತಲೆಯಿಟ್ಟ ಚಾಚಾ ಏಳಲಿಲ್ಲ. ಶಾಲೆ ಬಿಟ್ಟು ಓಡಿದೆ. ಖಬರಸ್ಥಾನದಲ್ಲಿ ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದೆ. ಈ ಸಲ ಒಂದು ನಿಮಿಷ ನಿಲ್ಲಿ ಎಂದು ಯಾರೂ ಹೇಳಲಿಲ್ಲ, ನಾನು ನಿಂತೆ. ಮನೆಗೆ ಬಂದು ಹೆಂಡತಿಯ ಮುಂದೆ ಮಗುವಿನಂತೆ ಅತ್ತೆ.

ಕಳೆದ ವಾರ ಆ ಜಾನಪದದ ಅಧ್ಯಾಪಕಿ ನನ್ನನ್ನು ಹುಡುಕಿಕೊಂಡು ಸವಣೂರಿಗೆ, ನಮ್ಮ ಮನೆಗೆ ಬಂದರು. ಈ ಭಾಗದ ಕಥೆಗಳ ಪುಸ್ತಕ ಮಾಡುತ್ತಿದ್ದಾರಂತೆ. ಹುಲಗೂರಿನಲ್ಲಿ ಒಬ್ಬ ಮುದುಕಿ ಎಲೆಯ ಕಥೆಯನ್ನು ತನ್ನ ಅಜ್ಜಿ ಹೇಳಿದ್ದೆಂದು ಹೇಳಿದಳಂತೆ. ತಡಸದಲ್ಲಿ ಚಹಾದ ಅಂಗಡಿಯವನು ಜಿಂಕೆಗಳು ಮಲಗಿದ್ದ ಹೊಲವನ್ನೇ ತೋರಿಸಿದನಂತೆ. ನಮ್ಮ ಮಕ್ಕಳು ರಜೆಗೆ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ ಎಂದು ನನಗೆ ಗೊತ್ತಾಯಿತು.

"ಮೂಲ ನಿಮ್ಮ ಕಡೇನ ಐತಂತ ನನಗ ಆವತ್ತ ಗೊತ್ತಾಗಿತ್ರಿ ಸರ. ಇನ್ನೂ ಇದ್ರ ಹೇಳ್ರಿ, ರೆಕಾರ್ಡ್ ಮಾಡಿಕೋತೇನಿ" ಎಂದು ನೋಟ್‌ಬುಕ್ಕು ತೆರೆದರು. ಹಾನಗಲ್ಲಿನಲ್ಲಿ ಅಂದು ಬರೆದುಕೊಂಡ ಪುಟ. 'ಕಥೆ ಕಟ್ಟಿದವರು' ಎಂಬುದರ ಮುಂದೆ ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಹುಟ್ಟೂರು ಹಂಸಭಾವಿ. ವಯಸ್ಸು ಸರಿಯಾಗಿತ್ತು. ವಿದ್ಯಾಭ್ಯಾಸ ಸರಿಯಾಗಿತ್ತು.

"ಇದನ್ನ ಯಾರು ಹೇಳಿದ್ರು?"

"ಆವತ್ತ ಊಟದ ಹೊತ್ತಿನಾಗ ಟೋಪಿ ಹಾಕ್ಕೊಂಡ ಒಬ್ಬ ಹಿರ್ಯಾರು ಬಂದಿದ್ರು ಸರ. 'ಬೇಟಿ, ಯಾರೂ ಸತ್ತಿಲ್ಲ. ಕಥಿ ಸರ ಅವರ ಸ್ವಂತದ್ದು. ನಾಚತಾರ, ಅದಕ್ಕ ಯಾರೋ ಸತ್ತವರ ಹೆಸರ ಹೇಳ್ಯಾರ. ನಾ ಅವರ ಅಂಗಿ ಹೊಲೀತೇನಿ, ನನಗ ಗೊತ್ತೈತಿ. ಬರಕೋ' ಅಂದ್ರು. ನಿಮ್ಮ ವಿವರಾ ಎಲ್ಲಾ ಅವರ ಬರಸಿದ್ರು."

ಅಂದರೆ ಬಸ್ಸಿನಲ್ಲಿ 'ನಾ ಯಾವಾಗ ಸತ್ನಿ' ಎಂದು ಕೇಳುವ ಮೊದಲೇ ಅವರು ಇದನ್ನು ಮುಗಿಸಿ ಬಂದಿದ್ದರು. ಐದಾರು ವರ್ಷ ಅರ್ಧ ಚಹಾ ಕುಡಿಯುತ್ತ ಒಂದು ಮಾತೂ ಹೇಳಲಿಲ್ಲ.

ನಾನು ಒಳ್ಳೆಯವನೆಂದು ಓದುಗರು ತಿಳಿಯಬಾರದು. ಆ ಪುಟ ನೋಡುತ್ತ ನಾನು ಲೆಕ್ಕ ಹಾಕಿದೆ. ಹೀಗೇ ಬಿಟ್ಟರೆ ಪುಸ್ತಕದಲ್ಲಿ ನನ್ನ ಹೆಸರು ಬರುತ್ತದೆ, ಕೊಟ್ಟವರೇ ಕೊಟ್ಟುಹೋಗಿದ್ದಾರೆ, ಬೇಡ ಎನ್ನುವವರು ಯಾರೂ ಉಳಿದಿಲ್ಲ. ಫೋಟೋ ಕೇಳಿದರೆ ಯಾವುದು ಕೊಡಲಿ ಎಂಬಲ್ಲಿಯವರೆಗೂ ಯೋಚನೆ ಹೋಯಿತು. ಆಮೇಲೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗಿ, ಎಲ್ಲ ಹೇಳಿಬಿಟ್ಟೆ. ಗ್ರೀಟಿಂಗ್ ಕಾರ್ಡು, ಗುಂಡುಸೂಜಿ, ಮೂರನೇ ಸಾಲು, ನಾನು ಕೊಂದದ್ದು, ಅವರು ನಿಂತದ್ದು. ಆಕೆ ನನ್ನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಹೊಸ ಪುಟ ತೆಗೆದರು.

"ಹೇಳ್ರಿ ಸರ. ಹೆಸರು?"

"ಟೇಲರ್ ಚಾಚಾ."

"ಪೂರ್ತಿ ಹೆಸರ್ರಿ."

ಮೊಬೈಲು ತೆಗೆದು ನೋಡಿದೆ, 'ಚಾಚಾ ಟೇಲರ್' ಎಂದಿತ್ತು. ಅಂಗಡಿಯ ಬೋರ್ಡಿನಲ್ಲಿ ಒಂದು ಕತ್ತರಿಯ ಚಿತ್ರ ಬಿಟ್ಟು ಏನೂ ಇರಲಿಲ್ಲ. ಹದಿನೈದು ವರ್ಷ. ಅವರ ಕಥೆಗಳೆಲ್ಲ ನನ್ನ ಡೈರಿಯಲ್ಲಿದ್ದವು, ದಿನಾಂಕ ಸಹಿತ. ಹೆಸರು ನಾನು ಕೇಳಿಯೇ ಇರಲಿಲ್ಲ. ಈಗ ಗೊತ್ತಾಗಿದೆ, ಆದರೂ ಇಲ್ಲಿ ಬರೆಯುವುದಿಲ್ಲ. ಮೊದಲು ಆಕೆಯ ಪುಸ್ತಕದಲ್ಲಿ ಬರಲಿ. ನಾನು ಮುಂದಾಗಿ ಬರೆದದ್ದು ಒಂದು ಸಲಕ್ಕೆ ಸಾಕು.

ಅಧ್ಯಾಪಕಿಯನ್ನು ಕೂರಿಸಿ, ಎರಡು ಓಣಿ ದಾಟಿ ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಅವರ ಮಗಳು. ಈಗ ಅವಳೇ ಮನೆಯಲ್ಲಿ ಹೊಲಿಗೆ ನಡೆಸುತ್ತಾಳೆ, ಕೊರಳಲ್ಲಿ ಟೇಪು ಇತ್ತು.

"ತಂಗಿ, ಅಬ್ಬಾ ಅವರ ಹೆಸರು ಏನು?"

"ಯಾತಕ್ಕ್ರಿ ಸರ? ಏನರ ಕಾಗದಾಕ್ಕ ಬೇಕಾಗಿತ್ತೇನು?"

"ಇಲ್ಲವ್ವಾ. ನನಗ ಗೊತ್ತಿಲ್ಲ."

ಅವಳು ನನ್ನನ್ನೇ ನೋಡಿದಳು. ನಗುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿದಳು.

"ಒಳಗ ಬರ್ರಿ ಸರ. ಕುಂತು ಬರಕೋರಿ. ಅಬ್ಬಾನ ಹೆಸರು ಬಾಳ ಉದ್ದ ಐತಿ."